ಹೂ ಕೀಳುವ ಪದ

ಕನ್ಯತ್ವದ ನಷ್ಟವನ್ನು ಸೂಚಿಸಲು ಹಳೆಯ ಇಂಗ್ಲಿಷ್ ಬರಹಗಳಲ್ಲಿ ಬರುವ ‘ಡಿಫ್ಲವರ್’ ಎಂಬ ಪದದ ಮೂಲ ಲ್ಯಾಟಿನ್ನಿನ ‘ಡಿಫ್ಲೊರಾರೆ’. ಹೂ ಕೀಳುವುದು ಎಂದು ಅದರ ಅರ್ಥ. ಇದೇ ಪದಕ್ಕೆ ಮಧ್ಯಯುಗದ ಮಠಗಳಲ್ಲಿ ಬೇರೊಂದು ಪ್ರಯೋಗವಿತ್ತು. 12ನೆಯ ಶತಮಾನದಲ್ಲಿ ಸಂತ ಬ್ಲೇಸಿಯುಸನ ಮಠದ ವೆರ್ನರನು ಸಭಾಪಿತೃಗಳ ಬರಹಗಳಿಂದ ಆಯ್ದು ಮಾಡಿದ ಸಂಕಲನಕ್ಕೆ ‘ಡಿಫ್ಲೊರಾತ್ಸಿಯೋನೆಸ್’ ಎಂದೇ ಹೆಸರು. ಅಲ್ಲಿ ಹೂ ಕಿತ್ತರೂ ತೋಟ ಬರಿದಾಗದು. ಸ್ತ್ರೀಯ ವಿಷಯದಲ್ಲಾದರೋ ಈ ರೂಪಕವು ಆಕೆಯನ್ನು ಬಾಡಿದ ಗಿಡವಾಗಿಸುತ್ತದೆ, ಕಿತ್ತವನು ಮರೆಯಾಗುತ್ತಾನೆ.

ಇಬ್ರಿಯ ಮೂಲದ ದೃಷ್ಟಿ ಬೇರೆ. ಆದಿಕಾಂಡ 34ರಲ್ಲಿ ದೀನಳ ಕುರಿತೂ 2 ಸಮುವೇಲ 13ರಲ್ಲಿ ತಾಮಾರಳ ಕುರಿತೂ ಬರುವ ‘ಇನ್ನಾ’ ಎಂಬ ಕ್ರಿಯಾಪದವೇ ವಿಮೋಚನಕಾಂಡ 1ರಲ್ಲಿ ಐಗುಪ್ತ್ಯರು ಇಸ್ರಾಯೇಲ್ಯರನ್ನು ಪೀಡಿಸಿದುದಕ್ಕೂ ಬಳಕೆಯಾಗಿದೆ. ಇಲ್ಲಿ ಕರ್ತೃಪದ ಪೀಡಕನದೇ. 410ರಲ್ಲಿ ರೋಮ್ ಸೂರೆಯಾದ ಬಳಿಕ ಅಗಸ್ಟೀನನು ‘ದೇವನಗರ’ದ ಮೊದಲ ಸಂಪುಟದಲ್ಲಿ, ಮನಸ್ಸು ಸಮ್ಮತಿಸದಿರುವಲ್ಲಿ ಬಲಾತ್ಕಾರದಿಂದ ಪರಿಶುದ್ಧತೆ ಕೆಡದೆಂದು ವಾದಿಸಿದನು.

ಪ್ರಸಂಗಪೀಠದಿಂದ ‘ಶೀಲ ಕಳೆದುಕೊಂಡವಳು’ ಎನ್ನುವಾಗ ನಾವು ವಾಕ್ಯವನ್ನು ಬಿಟ್ಟು ರೂಪಕವನ್ನು ಸಾರಿದಂತಾಗುತ್ತದೆ. ತಾಮಾರಳು ಕಳೆದುಕೊಂಡುದನ್ನು ಎಣಿಸುವ ಮೊದಲು ಅಮ್ನೋನನು ಮಾಡಿದುದನ್ನು ನಾವು ಹೆಸರಿಸಬೇಕು.