ಹೆಣ್ಣು ನೋಡುವ ಮನೆಯಲ್ಲಿ ರಕ್ತದ ಕಾರ್ಡು

ಸಿಕಲ್ ಸೆಲ್ ರಕ್ತಹೀನತೆ ನಿರ್ಮೂಲನಾ ಮಿಷನ್‌ಗೆ ಸಿಗುತ್ತಿರುವ ಹೊಗಳಿಕೆ ಅದರ ಯೋಗ್ಯತೆಗೆ ಮೀರಿದ್ದು. 2023ರ ಜುಲೈ 1ರಂದು ಮಧ್ಯಪ್ರದೇಶದ ಶಹಡೋಲ್‌ನಲ್ಲಿ ಶುರುವಾದ ಈ ಯೋಜನೆಗೆ ಕರ್ನಾಟಕವೂ ಸೇರಿ 17 ರಾಜ್ಯಗಳ ಬುಡಕಟ್ಟು ಪ್ರದೇಶಗಳಲ್ಲಿ 7 ಕೋಟಿ ಜನರ ರಕ್ತ ಪರೀಕ್ಷಿಸುವ ಗುರಿಯಿದೆ. ಪರೀಕ್ಷೆ ಬೇಕೇ ಬೇಕು. ನನ್ನ ತಕರಾರು ಆಮೇಲೆ ಕೈಗಿಡುವ ಫಲಿತಾಂಶದ ಕಾರ್ಡಿನದು.

ಮದುವೆಗೆ ಮುನ್ನ ಗಂಡು-ಹೆಣ್ಣಿನ ಕಾರ್ಡುಗಳನ್ನು ಜಾತಕದಂತೆ ಹೊಂದಿಸಿ ನೋಡಬೇಕು ಎನ್ನುವುದು ಪ್ರಚಾರದ ತಿರುಳು. ಇಬ್ಬರೂ ರೋಗದ ವಂಶವಾಹಿಯ ವಾಹಕರಾದರೆ ಪ್ರತಿ ಬಸಿರಿನಲ್ಲೂ ಮಗುವಿಗೆ ರೋಗ ಬರುವ ಸಾಧ್ಯತೆ ಶೇ 25. ಲೆಕ್ಕವೇನೋ ಸರಿ. ಆದರೆ ದೇವದುರ್ಗದ ಕಡೆಯ ಹಳ್ಳಿಯಲ್ಲಿ ಹೆಣ್ಣು ನೋಡಲು ಬಂದವರ ಮುಂದೆ ಈ ಕಾರ್ಡು ಬಂದರೆ ಏನಾದೀತು? ವಾಹಕಿ ರೋಗಿಯಲ್ಲ, ಸಾಮಾನ್ಯವಾಗಿ ಆರೋಗ್ಯವಾಗಿಯೇ ಬಾಳುತ್ತಾಳೆ ಎಂದು ಅಲ್ಲಿ ಬಿಡಿಸಿ ಹೇಳುವವರು ಯಾರು? ‘ಹುಡುಗಿ ರಕ್ತದಾಗ ದೋಷ ಐತಂತ’ ಎಂಬ ಒಂದೇ ಮಾತಿಗೆ ಸಂಬಂಧ ಮುರಿಯುತ್ತದೆ, ತಂಗಿಯರಿಗೂ ಗಂಡು ಸಿಗುವುದು ಕಷ್ಟವಾಗುತ್ತದೆ. ಹುಡುಗನ ಕಾರ್ಡು ತೋರಿಸಿ ಎನ್ನುವ ಧೈರ್ಯ ಹೆಣ್ಣಿನ ಕಡೆಯವರಿಗೆ ಎಲ್ಲಿಂದ ಬರಬೇಕು? ಗ್ರೀಸಿನ ಒರ್ಕೊಮೆನೋಸ್‌ನಲ್ಲಿ ಇಂಥದೇ ತಪಾಸಣೆ ನಡೆದಾಗ ವಾಹಕರು ಕಳಂಕ ಹೊತ್ತರು, ಕೆಲವರು ವಿಷಯ ಮುಚ್ಚಿಟ್ಟೇ ಮದುವೆಯಾದರು. ಅರ್ಧ ಶತಮಾನದ ಹಿಂದಿನ ಈ ಪಾಠ ನಮ್ಮ ಯೋಜಕರಿಗೆ ತಟ್ಟಿದಂತಿಲ್ಲ.

ಕಾರ್ಡು ಹೇಳಲಾರದ್ದೂ ಇದೆ. ಹಳ್ಳಿಯಲ್ಲೇ ಮಾಡುವ ಸಾಲ್ಯುಬಿಲಿಟಿ ಪರೀಕ್ಷೆ ವಾಹಕರನ್ನೂ ರೋಗಿಗಳನ್ನೂ ಬೇರ್ಪಡಿಸದು. ಅದಕ್ಕೆ ಎಚ್‌ಪಿಎಲ್‌ಸಿ ಎಂಬ ಪ್ರಯೋಗಾಲಯ ಪರೀಕ್ಷೆ ಬೇಕು. ರೋಗ ಖಚಿತವಾದರೂ ಅದು ತರುವ ನೋವು ಎಷ್ಟು ಸಲ ಬಂದೀತು, ಎಷ್ಟು ಕಾಡೀತು ಎಂಬುದು ಕಾರ್ಡಿನಲ್ಲಿ ಇರುವುದಿಲ್ಲ.

ಇನ್ನು, ಎಲ್ಲದಕ್ಕೂ ಸೋದರಿಕೆಯನ್ನೇ ದೂರುವ ಆರೋಗ್ಯ ಲೇಖಕರ ಮಾತು. ಅಕ್ಕನ ಮಗಳನ್ನು ತಂದುಕೊಳ್ಳುವುದರಿಂದ ಅಪಾಯ ಹೆಚ್ಚುತ್ತದೆ, ನಿಜ. ಆದರೆ ವಾಹಕರು ಹೆಚ್ಚಿರುವ ಸಮುದಾಯದಲ್ಲಿ ನೆಂಟಸ್ತಿಕೆಯೇ ಇಲ್ಲದ ಮನೆಯಿಂದ ಹೆಣ್ಣು ತಂದರೂ ಅಪಾಯ ತಪ್ಪದು. ವಾಹಕರು ತಮ್ಮತಮ್ಮಲ್ಲಿ ಮದುವೆಯಾಗದೆ ಉಳಿದರೆ ರೋಗಿಗಳ ಸಂಖ್ಯೆ ಇಳಿಯುತ್ತದೆ, ವಂಶವಾಹಿ ಮಾತ್ರ ಮುಂದಿನ ಪೀಳಿಗೆಗೆ ದಾಟುತ್ತಲೇ ಇರುತ್ತದೆ. ಹೀಗಿರುವಾಗ 2047ಕ್ಕೆ ನಿರ್ಮೂಲನೆ ಎಂಬ ಮಿಷನ್‌ನ ಗುರಿ ಯಾವ ಲೆಕ್ಕ? ಜನರ ಪದ್ಧತಿಯ ಮೇಲೆ ತಪ್ಪು ಹೊರಿಸಿದಷ್ಟೂ ಔಷಧ ಕೊಡಬೇಕಾದವರು ಹೊಣೆಯಿಂದ ಜಾರಿಕೊಳ್ಳುತ್ತಾರೆ. ಈ ಲೇಖಕರು ಅವರಿಗೆ ದಾರಿ ಮಾಡಿಕೊಡುತ್ತಿದ್ದಾರೆ.

ರಾಯಚೂರು ಲೋಕಸಭಾ ಕ್ಷೇತ್ರ, ದೇವದುರ್ಗ ಮತ್ತು ಮಾನ್ವಿ ವಿಧಾನಸಭಾ ಕ್ಷೇತ್ರಗಳು ಪರಿಶಿಷ್ಟ ಪಂಗಡಕ್ಕೆ ಮೀಸಲು. ಇಲ್ಲಿಂದ ಗೆದ್ದವರು ಎಷ್ಟು ಕಾರ್ಡು ಹಂಚಿದಿರಿ ಎಂದು ಕೇಳುವುದು ಬೇಡ. ನೋವಿನ ಬಾಧೆ ತಗ್ಗಿಸುವ ಹೈಡ್ರಾಕ್ಸಿಯೂರಿಯಾ ತಾಲ್ಲೂಕು ಆಸ್ಪತ್ರೆಯಲ್ಲಿ ಸದಾ ಸಿಗಬೇಕು, ಫಲಿತಾಂಶವನ್ನು ಆಯಾ ವ್ಯಕ್ತಿಗಷ್ಟೇ, ಅವರ ಆಡುಮಾತಿನಲ್ಲೇ ತಿಳಿಸಬೇಕು ಎಂದು ಪಟ್ಟು ಹಿಡಿಯಲಿ.