ಬೆಳ್ಳಿ ಮೂಡಿದ್ದಕ್ಕೂ ಬ್ರೇಕಿಂಗ್ ನ್ಯೂಸ್

2023ರ ಮಾರ್ಚ್ ಒಂದನೇ ತಾರೀಖು ಸಂಜೆ ದಾವಣಗೆರೆಯಿಂದ ಅಕ್ಕನ ಮಗ ಒಂದು ವಿಡಿಯೋ ಕಳಿಸಿದ. ಕಪ್ಪು ಆಕಾಶ, ಅದರಲ್ಲಿ ಎರಡು ಬೆಳಕಿನ ಉಂಡೆ. ಒಂದು ದೊಡ್ಡದು, ಒಂದು ಸ್ವಲ್ಪ ಸಣ್ಣದು. ಎರಡೂ ಉಬ್ಬುತ್ತವೆ, ಕುಗ್ಗುತ್ತವೆ, ನಡುಗುತ್ತವೆ. ಹಿನ್ನೆಲೆಯಲ್ಲಿ ಅವನದೇ ದನಿ: "ಅಲ್ನೋಡ್ರೋ, ಅಲ್ಲೇ ನಿಂತ್ಬಿಟ್ಟಿದೆ!" ಕೆಳಗೊಂದು ಮೆಸೇಜು: "ಮಾವ, ಇದು ಡ್ರೋನಾ? ಅರ್ಧ ಗಂಟೆಯಿಂದ ಜಾಗ ಬಿಟ್ಟು ಕದಲಿಲ್ಲ."

ಮಹಡಿ ಹತ್ತಿ ನೋಡಿದೆ. ಬೆಂಗಳೂರಿನ ಧೂಳಿನಲ್ಲೂ ಪಶ್ಚಿಮಕ್ಕೆ ಎರಡೂ ಸೊಗಸಾಗಿ ಕಾಣ್ತಿದ್ದವು. ಶುಕ್ರ ಮತ್ತು ಗುರು, ಒಂದರ ಪಕ್ಕ ಒಂದು, ನಡುವೆ ಹೆಚ್ಚುಕಡಿಮೆ ಒಂದು ಹುಣ್ಣಿಮೆ ಚಂದ್ರ ಹಿಡಿಸುವಷ್ಟು ಜಾಗ. ಹುಡುಗನಿಗೆ ಹೇಳಿದೆ. ಅವನಿಗೆ ಸ್ವಲ್ಪ ನಿರಾಸೆಯಾಯಿತು ಅನ್ನಿಸುತ್ತೆ.

ಅದೇ ರಾತ್ರಿ ಅಮ್ಮನ ಫೋನು. ಚಿಕ್ಕಪ್ಪನ ಮಗಳ ಮದುವೆ ಮಾತು. "ಇನ್ನೊಂದು ತಿಂಗಳಿಗೆ ಗುರು ಅಸ್ತ ಕಣೋ, ಅಷ್ಟರೊಳಗೆ ಮುಗಿಸ್ಬೇಕು. ಇಲ್ಲಾಂದ್ರೆ ಮೇ ತಿಂಗಳವರೆಗೂ ಕಾಯ್ಬೇಕು." ನಾನು ಕೇಳಿದೆ, "ಅಮ್ಮಾ, ಆ ಗುರು ಈಗ ಎಲ್ಲಿದಾನೆ ಗೊತ್ತಾ?" ಅಮ್ಮ ತಡಮಾಡಲೇ ಇಲ್ಲ: "ಎಲ್ಲಿ ಅಂದ್ರೆ? ಪಂಚಾಂಗದಲ್ಲಿ."

ನಾನು ನಕ್ಕೆ. ಆದರೆ ಈ ವಿಷಯದಲ್ಲಿ ಒಂದು ಸಲ ಜೋರಾಗಿ ನಕ್ಕು ಆಮೇಲೆ ನಾಚಿಕೆಪಟ್ಟವನು ನಾನು. ಆ ಕಥೆಯನ್ನೇ ಹೇಳಬೇಕಾಗಿರುವುದು.

ಲಡಾಖಿನ ಪ್ಯಾಂಗಾಂಗ್ ಸರೋವರದ ಕಡೆ ಕಾವಲಿದ್ದ ನಮ್ಮ ಸೈನಿಕರು 2012ರ ಆಗಸ್ಟಿನಿಂದ 2013ರ ಫೆಬ್ರವರಿವರೆಗೆ ಆಕಾಶದಲ್ಲಿ ಗುರುತು ಸಿಗದ ಬೆಳಕುಗಳನ್ನು 329 ಸಲ ಕಂಡರು. ಅದರಲ್ಲಿ 155 ಸಲ ಆ ಬೆಳಕು ವಾಸ್ತವ ನಿಯಂತ್ರಣ ರೇಖೆಯನ್ನು ದಾಟಿ ಈಚೆಗೆ ಬಂತು ಅಂತ ದಾಖಲಾಯಿತು. ಚೀನಾದ ಬೇಹುಗಾರಿಕೆ ಡ್ರೋನುಗಳು ಇರಬೇಕು ಅನ್ನೋದು ಅನುಮಾನ. ಕೊನೆಗೆ ಉತ್ತರ ಹುಡುಕಿದವರು ನಮ್ಮ ಕೋರಮಂಗಲದ ಇಂಡಿಯನ್ ಇನ್‌ಸ್ಟಿಟ್ಯೂಟ್ ಆಫ್ ಆಸ್ಟ್ರೋಫಿಸಿಕ್ಸ್‌ನವರು. ಲಡಾಖಿನ ಹಾನ್ಲೆಯಲ್ಲಿ ಸುಮಾರು 4,500 ಮೀಟರ್ ಎತ್ತರದಲ್ಲಿ ಅವರದೊಂದು ವೀಕ್ಷಣಾಲಯ ಇದೆ. ಅಲ್ಲಿರುವ ಎರಡು ಮೀಟರಿನ ದೂರದರ್ಶಕವನ್ನು ನಡೆಸುವುದು ಹೊಸಕೋಟೆಯಲ್ಲಿ ಕೂತು, ಉಪಗ್ರಹದ ಸಂಪರ್ಕದಲ್ಲಿ. 2013ರ ಜುಲೈನಲ್ಲಿ ಪತ್ರಿಕೆಗಳಲ್ಲಿ ಬಂತು: ಒಂದು ಗುರು, ಇನ್ನೊಂದು ಶುಕ್ರ.

ಆಮೇಲೆ ಕೇಳಬೇಕೇ? ಗುರು ಗ್ರಹಕ್ಕೆ ವೀಸಾ ಕೊಡಿ, ಶುಕ್ರನ ಮೇಲೆ ಸರ್ಜಿಕಲ್ ದಾಳಿ ಮಾಡಿ ಅಂತ ಜೋಕುಗಳು. ನಾನೂ ಒಂದನ್ನು ಹೊಸೆದು ಹಂಚಿದೆ. ನಮ್ಮ ಬೀದಿಯಲ್ಲಿ ಒಬ್ಬರು ನಿವೃತ್ತ ಸುಬೇದಾರರಿದ್ದರು. ಹಾಲಿನ ಬೂತಿನ ಹತ್ತಿರ ಅವರಿಗೂ ಆ ಜೋಕು ಹೇಳಿದೆ. ಅವರು ನಗಲಿಲ್ಲ. "ಅಲ್ರೀ, ಸೆಂಟ್ರಿ ಡ್ಯೂಟೀಲಿ ಕಂಡದ್ದನ್ನ ಬರೀಬೇಕು. ಅದೇನು ಅಂತ ತೀರ್ಮಾನ ಮಾಡೋದು ಸೆಂಟ್ರಿ ಕೆಲಸ ಅಲ್ಲ. ಕಂಡೂ ಬರೀದೇ ಇದ್ರೆ ಅದು ತಪ್ಪು" ಅಂದರು. ಹಾಲಿನ ಪ್ಯಾಕೆಟ್ ತಗೊಂಡು ಹೋಗಿಬಿಟ್ಟರು.

ಆಮೇಲೆ ಆ ವರದಿಗಳನ್ನು ಮತ್ತೆ ತೆಗೆದು ಓದಿದೆ. 329 ಅನ್ನೋ ಸಂಖ್ಯೆ ಆಗ ಬೇರೆ ಥರ ಕಾಣಿಸಿತು. ನಾವೆಲ್ಲ ಅದನ್ನು ದಡ್ಡತನದ ಲೆಕ್ಕ ಅಂತ ಓದಿದ್ದೆವು. ಅದು ಎಚ್ಚರದ ಲೆಕ್ಕ. ಕೈ ಮರಗಟ್ಟುವ ಚಳಿಯಲ್ಲಿ, ರಾತ್ರಿಯ ಮೇಲೆ ರಾತ್ರಿ, ಯಾರೋ ಒಬ್ಬ ಹುಡುಗ ಕಂಡಿದ್ದನ್ನು ಬರೆದಿಟ್ಟಿದ್ದಾನೆ. ಆ ದಾಖಲೆ ಇತ್ತು ಅಂತಲೇ ವಿಜ್ಞಾನಿಗಳಿಗೆ ಕೇಳಲು ಏನಾದರೂ ಇತ್ತು. ಯಾವ ಹೊತ್ತಿಗೆ, ಯಾವ ದಿಕ್ಕಿಗೆ, ದಿಗಂತದಿಂದ ಎಷ್ಟು ಮೇಲೆ, ಇಷ್ಟು ಸಾಕು. ನಕ್ಷತ್ರಗಳು ದಿನಕ್ಕೆ ಸುಮಾರು ನಾಲ್ಕು ನಿಮಿಷ ಬೇಗ ಹುಟ್ಟುತ್ತವೆ, ಹದಿನೈದು ದಿನಕ್ಕೆ ಒಂದು ಗಂಟೆ. ಮೇಲಿರುವ ಬೆಳಕು ಆ ಲೆಕ್ಕವನ್ನೇ ಹಿಡಿದು ಬರುತ್ತಿದ್ದರೆ ಅದನ್ನು ಯಾವ ದೇಶದ ಸೇನೆಯೂ ಕಳಿಸುತ್ತಿಲ್ಲ. ನಕ್ಷತ್ರಗಳ ನಡುವೆ ಅದು ವಾರದಿಂದ ವಾರಕ್ಕೆ ಒಂಚೂರು ಜಾಗ ಬದಲಿಸುತ್ತಿದ್ದರೆ ಅದು ಗ್ರಹ. ಆ ಚಳಿಗಾಲದಲ್ಲಿ ಗುರು ವೃಷಭ ರಾಶಿಯಲ್ಲಿದ್ದ, ಡಿಸೆಂಬರ್ ಮೊದಲ ವಾರ ಸೂರ್ಯನಿಗೆ ನೇರ ಎದುರಾಗಿದ್ದ. ಅಂದರೆ ಸಂಜೆ ಹುಟ್ಟಿ ಬೆಳಗಿನವರೆಗೂ ಆಕಾಶದಲ್ಲಿ. ಶುಕ್ರ ಬೆಳಗಿನ ಜಾವದ ಪಾಳಿ. ಇನ್ನು 155 ಅತಿಕ್ರಮಣದ ವಿಚಾರ. ಅಲ್ಲಿ ಪೂರ್ವಕ್ಕಿರುವುದು ಚೀನಾದ ಕಡೆ. ಪೂರ್ವದಲ್ಲಿ ಹುಟ್ಟಿ ಪಶ್ಚಿಮದಲ್ಲಿ ಮುಳುಗುವ ಯಾವನೇ ಆಗಲಿ ದಿನಾ ಆ ರೇಖೆ ದಾಟಲೇಬೇಕು. ಸೂರ್ಯನೂ ದಾಟುತ್ತಾನೆ. ಅವನ ಪರಿಚಯ ಇದೆ, ಹಾಗಾಗಿ ಯಾರೂ ಬರೆದುಕೊಳ್ಳುವುದಿಲ್ಲ.

ಈಗ ನನ್ನ ತಕರಾರು ಶುರು. ಅದು ಸೈನಿಕರ ಮೇಲಲ್ಲ, ಸುದ್ದಿ ಬರೆದವರ ಮೇಲೆ.

2012ರ ಕೊನೆಯಲ್ಲಿ ಈ ಸುದ್ದಿ ಮೊದಲು ಬಂದಾಗ ಅದು ಹಾರುವ ತಟ್ಟೆಯ ಸುದ್ದಿಯಾಗಿತ್ತು. ಹಳದಿ ಬೆಳಕಿನ ಗೋಳಗಳು ಚೀನಾ ಕಡೆಯ ದಿಗಂತದಿಂದ ಮೇಲೇಳುತ್ತವೆ, ನಿಧಾನವಾಗಿ ಆಕಾಶದಲ್ಲಿ ಸಾಗುತ್ತವೆ, ಮೂರರಿಂದ ಐದು ಗಂಟೆ ಇದ್ದು ಮಾಯವಾಗುತ್ತವೆ ಅಂತ ವರ್ಣನೆ. ಇದನ್ನು ಇನ್ನೊಂದು ಸಲ ಓದಿ. ದಿಗಂತದಿಂದ ಏಳುವುದು, ನಿಧಾನ ಸಾಗುವುದು, ಗಂಟೆಗಟ್ಟಲೆ ಇದ್ದು ಮರೆಯಾಗುವುದು. ಒಂದು ನಕ್ಷತ್ರ ದಿನಾ ಏನು ಮಾಡುತ್ತದೆ ಅಂತ ಮಗುವಿಗೆ ಹೇಳಿಕೊಡಬೇಕಾದರೆ ಇದಕ್ಕಿಂತ ಒಳ್ಳೆಯ ವಾಕ್ಯ ಸಿಗಲಾರದು. ಆ ವಾಕ್ಯ ವರದಿಗಾರನ ಕೈಯಿಂದ ದಾಟಿತು, ಡೆಸ್ಕಿನಿಂದ ದಾಟಿತು, ಚಾನೆಲ್ಲುಗಳಿಗೆ ಹೋಯಿತು. ಯಾರೂ ತಡೆದು ನಿಲ್ಲಿಸಲಿಲ್ಲ.

ಇನ್ನೂ ಒಂದು ವಿಷಯ ಇದೆ, ಅದು ಹೆಚ್ಚು ಗಂಭೀರ. ಖಗೋಳ ವಿಜ್ಞಾನಿಗಳ ತಂಡ ಬಂದು ನೋಡಿದೆ, ಇವು ಗ್ರಹಗಳಲ್ಲ ಅಂದಿದೆ ಅಂತ ಸೇನಾ ಅಧಿಕಾರಿಗಳ ಮಾತನ್ನು ಆಗಿನ ವರದಿ ಹೇಳಿತ್ತು. ಮುಂದಿನ ಜುಲೈನಲ್ಲಿ ವಿಜ್ಞಾನಿಗಳೇ ಹೇಳಿದರು, ಇವು ಗ್ರಹಗಳೇ ಅಂತ. ಮೊದಲನೆಯ ಮಾತು ಯಾರು ಯಾರಿಗೆ ಹೇಳಿದ್ದು, ಎಲ್ಲಿ ಅಡ್ಡದಾರಿ ಹಿಡಿಯಿತು? ಎರಡೂ ವರದಿಯನ್ನು ಪಕ್ಕಪಕ್ಕ ಇಟ್ಟು ಈ ಪ್ರಶ್ನೆ ಕೇಳಿದ ಒಂದೇ ಒಂದು ಬರಹ ನನ್ನ ಕಣ್ಣಿಗೆ ಬೀಳಲಿಲ್ಲ. ನವೆಂಬರಿನಲ್ಲಿ ರೋಮಾಂಚನ ಮಾರಿದರು, ಜುಲೈನಲ್ಲಿ ತಮಾಷೆ ಮಾರಿದರು. ಎರಡರ ನಡುವೆ ದೆಪ್ಸಾಂಗ್‌ನಲ್ಲಿ ಚೀನಾ ಸೈನಿಕರು ಡೇರೆ ಹೊಡೆದು ಮೂರು ವಾರ ಕೂತಿದ್ದರು ಅನ್ನೋದು ನೆನಪಿರಲಿ. ಆ ಗಡಿಯಲ್ಲಿ ಆ ವರ್ಷ ಒಂದು ಬೆಳಕಿನ ಚುಕ್ಕೆಗೆ ಏನು ಹೆಸರಿಡ್ತೀರಿ ಅನ್ನೋದು ಜೋಕಿನ ವಿಷಯ ಆಗಿರಲಿಲ್ಲ.

ಕಣ್ಣಿನ ಮೋಸ ಅಂತಾರಲ್ಲ, ಅದನ್ನು ಸ್ವಲ್ಪ ಬಿಡಿಸಿ ನೋಡಬೇಕು. ಕತ್ತಲಲ್ಲಿ ಒಂದೇ ಒಂದು ಬೆಳಕಿನ ಚುಕ್ಕೆ ಕಂಡರೆ ಅದು ಎಷ್ಟು ದೂರ ಇದೆ ಅಂತ ಕಣ್ಣಿಗೆ ತಿಳಿಯೋದಿಲ್ಲ. ತಿಳಿಯುವ ದಾರಿಯೇ ಇಲ್ಲ. ಆದರೆ ಮಿದುಳು ಸುಮ್ಮನಿರಲ್ಲ, ತಾನೇ ಒಂದು ದೂರ ಊಹಿಸಿಕೊಳ್ಳುತ್ತದೆ. ದೂರ ಒಂದು ತಪ್ಪಿದರೆ ಗಾತ್ರ, ವೇಗ, ಎತ್ತರ ಎಲ್ಲವೂ ತಪ್ಪುತ್ತದೆ, ಅದೂ ಪೂರ್ತಿ ಆತ್ಮವಿಶ್ವಾಸದಿಂದ. ಆ ಚುಕ್ಕೆಯನ್ನೇ ದಿಟ್ಟಿಸುತ್ತಾ ನಿಂತರೆ ಅದು ಅತ್ತಿತ್ತ ಸರಿದ ಹಾಗೆ ಕಾಣುತ್ತದೆ. ಸರಿಯುವುದು ನಮ್ಮ ಕಣ್ಣಿನ ಲೆಕ್ಕ. ಮೋಡ ಓಡಿದರೆ ಚುಕ್ಕೆ ಓಡುತ್ತದೆ. ದಿಗಂತದ ಹತ್ತಿರ ಇದ್ದರೆ ಗಾಳಿಯ ಪದರಗಳಲ್ಲಿ ಬೆಳಕು ಒಡೆದು ಕೆಂಪು, ಹಸಿರು ಮಿಂಚುತ್ತದೆ. ರಾತ್ರಿ ಬಸ್ಸಿನಲ್ಲಿ ಕೂತರೆ ಮರ, ಮನೆ ಎಲ್ಲ ಹಿಂದೆ ಹೋಗುತ್ತವೆ, ಇದು ಮಾತ್ರ ಕಿಟಕಿಯ ಪಕ್ಕದಲ್ಲೇ ಬರುತ್ತದೆ. ಚಂದಮಾಮ ಹಿಂಬಾಲಿಸಿದರೆ ಮಕ್ಕಳಿಗೆ ಖುಷಿ, ಗುರುತಿಲ್ಲದ ಚುಕ್ಕೆ ಹಿಂಬಾಲಿಸಿದರೆ ದೊಡ್ಡವರಿಗೂ ಭಯ. ಶುಕ್ರ ಬೇರೆ ಸಾಮಾನ್ಯ ಚುಕ್ಕೆಯಲ್ಲ. ರಾತ್ರಿ ಆಕಾಶದ ಅತಿ ಪ್ರಕಾಶದ ನಕ್ಷತ್ರ ಲುಬ್ಧಕ. ಶುಕ್ರ ಅದಕ್ಕಿಂತ ಹತ್ತು ಹದಿನೈದು ಪಟ್ಟು ಬೆಳಗುತ್ತಾನೆ. ಎಲ್ಲಿ ನೋಡಬೇಕು ಅಂತ ಗೊತ್ತಿದ್ದರೆ ಹಗಲಲ್ಲೂ ಸಿಗುತ್ತಾನೆ. ಪ್ಯಾಂಗಾಂಗಿನ ತೆಳು ಗಾಳಿಯಲ್ಲಿ, ಒಂದು ಬೀದಿದೀಪವೂ ಇಲ್ಲದ ಕತ್ತಲಲ್ಲಿ, ಬಯಲುಸೀಮೆಯಿಂದ ಹೋದ ಹುಡುಗನಿಗೆ ಅವನು ಹೇಗೆ ಕಂಡಿರಬೇಡ!

ಓದಿದವರು, ತರಬೇತಿಯಾದವರು ಇದಕ್ಕೆ ಬೀಳಲ್ಲ ಅಂತ ಯಾರಾದರೂ ಅಂದರೆ 2011ರ ಜನವರಿಯ ಏರ್ ಕೆನಡಾ ವಿಮಾನದ ತನಿಖಾ ವರದಿ ತೋರಿಸಬಹುದು. ಟೊರಾಂಟೊದಿಂದ ಜ್ಯೂರಿಕ್‌ಗೆ ಹೊರಟಿದ್ದ ಬೋಯಿಂಗ್ 767. ಅಟ್ಲಾಂಟಿಕ್ ಮೇಲೆ, ಒಂದು ನಿದ್ದೆ ಮುಗಿಸಿ ಆಗಷ್ಟೇ ಎದ್ದ ಸಹಪೈಲಟ್. ಎದುರಿನಿಂದ ಕೆಳಗಿನ ಮಟ್ಟದಲ್ಲಿ ನಿಜವಾಗಿಯೂ ಒಂದು ಮಿಲಿಟರಿ ವಿಮಾನ ಬರುತ್ತಿತ್ತು. ಇವರ ಕಣ್ಣಿಗೆ ಮೊದಲು ಬಿದ್ದದ್ದು ಶುಕ್ರ, ಅದನ್ನೇ ವಿಮಾನ ಅಂದುಕೊಂಡರು. ನಿಜವಾದ ವಿಮಾನ ಕಂಡಾಗ ಅದು ತಮ್ಮ ಮೇಲೇ ಬರ್ತಿದೆ ಅನ್ನಿಸಿ ವಿಮಾನವನ್ನು ಕೆಳಕ್ಕೆ ತಳ್ಳಿದರು. ಬೆಲ್ಟು ಹಾಕಿಕೊಳ್ಳದೆ ಮಲಗಿದ್ದವರು ಮೇಲಕ್ಕೆ ಹಾರಿ ಚಾವಣಿಗೆ ಬಡಿದರು. ಗಾಯವಾದವರು 16 ಜನ. ತನಿಖೆ ಮಾಡಿದವರು ಪೈಲಟ್ ದಡ್ಡ ಅಂತ ಬರೆದು ಕೈತೊಳೆದುಕೊಳ್ಳಲಿಲ್ಲ. ನಿದ್ದೆಯಿಂದ ಎದ್ದ ತಕ್ಷಣದ ಮಂಪರು, ರಾತ್ರಿ ಹಾರಾಟದ ಆಯಾಸ, ವಿಶ್ರಾಂತಿಯ ನಿಯಮ, ಎಲ್ಲವನ್ನೂ ಕೆದಕಿದರು. ನಮ್ಮ ಪತ್ರಿಕೆಗಳಿಂದ ನಾನು ನಿರೀಕ್ಷೆ ಮಾಡಿದ್ದು ಇಂಥದ್ದನ್ನು.

ಹಾಗಂತ ಸಂದೇಹವಾದಿ ಗೆಳೆಯರನ್ನು ಸುಮ್ಮನೆ ಬಿಡೋ ಹಾಗಿಲ್ಲ. ಏನು ಕಂಡರೂ "ಅಯ್ಯೋ, ಅದು ಶುಕ್ರ ಕಣ್ರೀ" ಅನ್ನೋದು ಈಗ ಒಂದು ಚಟ. ಶುಕ್ರ ಆ ಹೊತ್ತಿಗೆ ಆ ದಿಕ್ಕಿನಲ್ಲಿ ಇದ್ದನಾ ಅಂತ ನೋಡದೆ ಹಾಗೆ ಅನ್ನುವುದು, ನೋಡದೆ ಅನ್ಯಗ್ರಹ ಜೀವಿ ಅನ್ನುವುದಕ್ಕಿಂತ ಮೇಲೇನಲ್ಲ. ಜಿಮ್ಮಿ ಕಾರ್ಟರ್ ಅಮೆರಿಕದ ಅಧ್ಯಕ್ಷರಾಗುವ ಮೊದಲು, 1969ರಲ್ಲಿ, ಜಾರ್ಜಿಯಾದ ಲೀರಿ ಅನ್ನೋ ಊರಲ್ಲಿ ಒಂದು ಬೆಳಕು ಕಂಡಿದ್ದರು. ಶುಕ್ರ ಅಂತ ಬಹಳ ಕಾಲ ಹೇಳಿಕೊಂಡು ಬಂದರು. ಆ ಸಂಜೆ ರಾಕೆಟ್ಟಿನಿಂದ ಬಿಟ್ಟ ಬೇರಿಯಂ ಮೋಡ ಅನ್ನೋ ವಾದ ಆಮೇಲೆ ಬಂತು. 1966ರಲ್ಲಿ ಒಹಾಯೊದ ಪೋರ್ಟೇಜ್ ಕೌಂಟಿಯ ಪೊಲೀಸರು ಬೆಳಗಿನ ಜಾವ ಒಂದು ಬೆಳಕನ್ನು ಅಟ್ಟಿಸಿಕೊಂಡು ಪಕ್ಕದ ರಾಜ್ಯದವರೆಗೂ ಕಾರು ಓಡಿಸಿದರು. ವಾಯುಪಡೆ ಹೇಳಿತು: ಮೊದಲು ಕಂಡದ್ದು ಉಪಗ್ರಹ, ಆಮೇಲೆ ಶುಕ್ರ. ವಿವರಣೆ ಎಷ್ಟು ಸರಿ ಅನ್ನೋ ಜಗಳ ಇವತ್ತಿಗೂ ಮುಗಿದಿಲ್ಲ. ಆದರೆ ಊರವರ ನಗು ಮಾತ್ರ ಅವತ್ತೇ ಶುರುವಾಯಿತು. ಆ ಪೊಲೀಸರಲ್ಲೊಬ್ಬ, ಡೇಲ್ ಸ್ಪಾರ್, ಕೆಲಸ ಕಳೆದುಕೊಂಡ, ಅವನ ಸಂಸಾರ ಮುರಿಯಿತು. ಮುಂದೆ ಅಂಥದ್ದೇನಾದರೂ ಕಂಡರೆ ಆ ಠಾಣೆಯಲ್ಲಿ ಯಾರು ತಾನೇ ಬಾಯಿಬಿಟ್ಟಾರು?

ನಮ್ಮ ಚಾನೆಲ್ಲುಗಳಲ್ಲಿ ಇವತ್ತಿಗೂ ಈ ಕಾರ್ಯಕ್ರಮ ನಡೆಯುತ್ತಲೇ ಇದೆ, ರೂಪ ಬದಲಾಗಿದೆ ಅಷ್ಟೇ. ಯಾರೋ ಮೊಬೈಲಿನಲ್ಲಿ ಝೂಮ್ ಮಾಡಿ ಹಿಡಿದ ಚುಕ್ಕೆ. ಕತ್ತಲಲ್ಲಿ ಕ್ಯಾಮೆರಾಗೆ ಫೋಕಸ್ ಸಿಗದೆ ತಡಕಾಡುತ್ತದೆ. ಚುಕ್ಕೆ ಉಬ್ಬಿ ತಟ್ಟೆಯಾಗುತ್ತದೆ, ಕುಗ್ಗಿ ಚುಕ್ಕೆಯಾಗುತ್ತದೆ. ಆಂಕರ್ ಅದನ್ನು "ರೂಪ ಬದಲಿಸುತ್ತಿದೆ ನೋಡಿ ವೀಕ್ಷಕರೇ" ಅನ್ನುತ್ತಾರೆ. ಸುತ್ತ ಕೆಂಪು ವೃತ್ತ, ಹಿಂದೆ ಡಮರು ಸದ್ದು. ಪರದೆಯ ಮೇಲೆ ಎಲ್ಲ ಇರುತ್ತದೆ, ಆ ಸೆಂಟ್ರಿ ಬರೆದಿಟ್ಟ ಮೂರು ವಿವರ ಮಾತ್ರ ಇರಲ್ಲ. ಎಷ್ಟು ಹೊತ್ತಿಗೆ, ಯಾವ ದಿಕ್ಕು, ಎಷ್ಟು ಎತ್ತರ. ಅದು ಹೇಳಿದರೆ ಕಾರ್ಯಕ್ರಮ ಎರಡೇ ನಿಮಿಷಕ್ಕೆ ಮುಗಿಯುತ್ತದಲ್ಲ! ಮೊಬೈಲಿನಲ್ಲೇ ಆಕಾಶದ ನಕ್ಷೆ ತೋರಿಸುವ ಆ್ಯಪುಗಳು ಬಿಟ್ಟಿಯಾಗಿ ಸಿಗುತ್ತವೆ. ಅದೇ ಚಾನೆಲ್ಲಿನಲ್ಲಿ ಬೆಳಗ್ಗೆ ಏಳಕ್ಕೆ ಜ್ಯೋತಿಷಿಗಳು ಕೂತು ಶುಕ್ರ ಯಾವ ಮನೆಯಲ್ಲಿದ್ದಾನೆ ಅಂತ ಸವಿವರ ಹೇಳಿರುತ್ತಾರೆ. ರಾತ್ರಿ ಒಂಬತ್ತಕ್ಕೆ ಅದೇ ಶುಕ್ರ ಗುರುತು ಸಿಗದ ಹಾರುವ ವಸ್ತು.

ಅಮ್ಮನ ಮಾತಿಗೆ ಬಂದೆ ನೋಡಿ. ಅಸ್ತ ಅಂದರೆ ಗ್ರಹ ಸೂರ್ಯನ ದಿಕ್ಕಿಗೆ ಸರಿದು ಅವನ ಬೆಳಕಲ್ಲಿ ಕಾಣದೆ ಹೋಗುವುದು. ಆಗ ಮದುವೆ ಕೂಡದು ಅನ್ನೋದು ಸರಿಯೋ ತಪ್ಪೋ, ಆ ಜಗಳ ಇನ್ನೊಂದು ದಿನಕ್ಕಿರಲಿ. ಆದರೆ ಆ ಮಾತು ಹುಟ್ಟಬೇಕಾದರೆ ಯಾರೋ ಸಂಜೆ ಸಂಜೆ ಹೊರಗೆ ನಿಂತು, ಗುರು ದಿನದಿಂದ ದಿನಕ್ಕೆ ಕೆಳಗಿಳಿಯೋದನ್ನು, ಒಂದು ದಿನ ಇಲ್ಲವಾಗೋದನ್ನು ನೋಡಿರಲೇಬೇಕು. ಹಳ್ಳಿಗಳಲ್ಲಿ "ಬೆಳ್ಳಿ ಮೂಡೋ ಹೊತ್ತಿಗೆ ಗಾಡಿ ಕಟ್ಟಿದ್ವಿ" ಅನ್ನೋರು ಈಗಲೂ ಅಲ್ಲೊಬ್ಬರು ಇಲ್ಲೊಬ್ಬರು ಸಿಗ್ತಾರೆ. ಬೆಳ್ಳಿ ಅಂದರೆ ಶುಕ್ರ. ಅವರಿಗೆ ಅದು ಗಡಿಯಾರ. ನಮ್ಮ ಮನೆಯಲ್ಲಿ ಆ ಗ್ರಹಗಳೆಲ್ಲ ಕ್ಯಾಲೆಂಡರಿಗೆ ಇಳಿದು ಅಡುಗೆಮನೆ ಗೋಡೆಗೆ ನೇತುಬಿದ್ದಿವೆ.

ಮಾರ್ಚ್ 24ರ ಸಂಜೆ ಹುಡುಗನಿಂದ ಮತ್ತೊಂದು ಫೋಟೋ ಬಂತು. ಎಳೆ ಚಂದ್ರನ ಕೆಳಗೆ, ತಾಗಿಯೂ ತಾಗದ ಹಾಗೆ, ಒಂದು ಚುಕ್ಕೆ. ಆವತ್ತು ದೇಶದ ತುಂಬ ಜನ ಅದೇ ಫೋಟೋ ಹಂಚುತ್ತಿದ್ದರು, ಏನೇನೋ ಅರ್ಥ ಕಟ್ಟುತ್ತಿದ್ದರು. ಇವನು ಕೆಳಗೆ ಬರೆದದ್ದು ಇಷ್ಟು: "ಮಾವ, 7.10ಕ್ಕೆ, ಪಶ್ಚಿಮಕ್ಕೆ, ನಮ್ಮ ನೀರಿನ ಟ್ಯಾಂಕಿಗಿಂತ ಎರಡು ಗೇಣು ಮೇಲೆ. ಗುರು ಮಾತ್ರ ತುಂಬಾ ಕೆಳಗೆ ಹೋಗ್ಬಿಟ್ಟಿದಾನೆ, ಹುಡುಕಿದೆ, ಸಿಗ್ಲಿಲ್ಲ. ಅಜ್ಜಿಗೆ ಹೇಳಿ."