ಇಪ್ಪತ್ತು ಸಾವಿರ ಅಕ್ಷರಗಳ ಗೋಡೆ

ಶಿಬುಯಾ ಯೋಇಚಿ ಮತ್ತು ಗೆಳೆಯರು 1972ರಲ್ಲಿ ಶುರು ಮಾಡಿದ 'ರಾಕಿನ್ ಆನ್', ಓದುಗರೇ ಬರೆದು ಕಳಿಸಿದ ಬರಹಗಳಿಂದ ಬೆಳೆದ ಪತ್ರಿಕೆ. ಅದರ ತಂಗಿ 'ರಾಕಿನ್ ಆನ್ ಜಪಾನ್' ಹುಟ್ಟಿದ್ದು 1986ರಲ್ಲಿ, ಜಪಾನಿನದೇ ಹಾಡುಗಾರರಿಗಾಗಿ. ಈ ತಂಗಿಯ ಹೆಸರುವಾಸಿ ಲೇಖನಮಾಲೆಗೆ 'ಇಪ್ಪತ್ತು ಸಾವಿರ ಅಕ್ಷರಗಳ ಸಂದರ್ಶನ' ಅಂತಲೇ ಹೆಸರು. ಮಾತು ಎಷ್ಟು ಉದ್ದ ಅನ್ನೋದನ್ನೇ ಹೇಳಿ ಮಾರುವ ಪತ್ರಿಕೆ ನೋಡಿ! ನಮ್ಮಲ್ಲಿ ಉದ್ದ ಅಂದ್ರೆ ಸಂಪಾದಕರು ಕತ್ತರಿ ಹುಡುಕ್ತಾರೆ.

ದಿನವಿಡೀ ಅಂಕಿಗಳ ಜೊತೆ ಗುದ್ದಾಡೋ ನನಗೆ ಈ ಸಂಖ್ಯೆಯೇ ಮೊದಲು ಕಣ್ಣಿಗೆ ಬಿದ್ದದ್ದು. ಜಪಾನಿ ಲಿಪಿಯಲ್ಲಿ ಪ್ರತಿ ಅಕ್ಷರಕ್ಕೂ ಒಂದು ಚೌಕ. ಅಲ್ಲಿನ ಹಸ್ತಪ್ರತಿ ಹಾಳೆಯಲ್ಲಿ ಸಾಲಿಗೆ ಇಪ್ಪತ್ತರಂತೆ ಇಪ್ಪತ್ತು ಸಾಲು, ಒಟ್ಟು 400 ಚೌಕ. ಅಂದರೆ ಈ ಸಂದರ್ಶನ ಸರಿಯಾಗಿ 50 ಹಾಳೆ. ವಿನ್ಯಾಸಕಾರನಿಗೆ ಮಾತಿನ ಅಳತೆ ಮೊದಲೇ ಕೈಯಲ್ಲಿರುತ್ತೆ. ಕನ್ನಡದಲ್ಲಿ ಈ ಲೆಕ್ಕ ನಡೆಯೋದಿಲ್ಲ. 'ಸ್ತ್ರೀ' ಕಣ್ಣಿಗೆ ಒಂದೇ ಅಕ್ಷರ, ಯೂನಿಕೋಡ್ ಲೆಕ್ಕದಲ್ಲಿ ಆರು!

ಇಂಥ ಪತ್ರಿಕೆಗಳಲ್ಲಿ ಹಲವನ್ನು ನಮ್ಮ ಲೆಕ್ಕಕ್ಕೆ ಹಿಂದಿನಿಂದ ತೆರೀಬೇಕು. ಸಾಲುಗಳು ಮೇಲಿಂದ ಕೆಳಗಿಳಿದು ಬಲದಿಂದ ಎಡಕ್ಕೆ ಸರಿಯುತ್ತವೆ. ಹಾಗಾಗಿ ಎದುರುಬದುರು ಪುಟಗಳಲ್ಲಿ ಕಣ್ಣು ಮೊದಲು ಹೋಗೋದು ಬಲಪುಟದ ಮೇಲ್ತುದಿಗೆ. ಅಲ್ಲಿ ಹಾಡುಗಾರನ ಮುಖವೊಂದನ್ನೇ ದೊಡ್ಡದಾಗಿ, ಸುತ್ತ ಖಾಲಿ ಬಿಟ್ಟು ಇಟ್ಟರೆ, ಅವನ ಮಾತಿಗಿಂತ ಮೊದಲು ಅವನ ಮೌನ ಸಿಗುತ್ತೆ. ಪಕ್ಕದಲ್ಲಿ ಸಣ್ಣಕ್ಷರದ ಗೋಡೆ. ಖಾಲಿ ಜಾಗಕ್ಕೂ ಗೋಡೆಗೂ ನಡುವಿನ ಆ ಎಳೆದಾಟವೇ ಈ ವಿನ್ಯಾಸದ ಜೀವ ಅಂತ ನನ್ನ ಎಣಿಕೆ. ಬಣ್ಣಗಿಣ್ಣ ಎಲ್ಲ ಆಮೇಲೆ.

ನನಗೆ ತುಂಬಾ ಇಷ್ಟವಾದದ್ದು ಒಂದು ಪುಟ್ಟ ಗುರುತು. ಜಪಾನಿ ಸಂದರ್ಶನಗಳಲ್ಲಿ ಮಾತಾಡುವವರು ನಕ್ಕರೆ, 'ನಗು' ಅನ್ನೋ ಅರ್ಥದ ಕಾಂಜಿ ಅಕ್ಷರವೊಂದನ್ನು ಕಂಸದಲ್ಲಿ ಹಾಕ್ತಾರೆ. ಗೋಡೆಯಲ್ಲೊಂದು ಕಿಟಕಿ ತೆರೆದ ಹಾಗೆ. ಭಾಷೆ ಅರೆಬರೆ ಬರುವವರೂ ಅದನ್ನು ಗುರುತು ಹಿಡೀಬಹುದು. ಅಲ್ಲಿ ನಕ್ಕರು ಅಂತ ಗೊತ್ತಾದ ಮೇಲೆ, ಯಾಕೆ ನಕ್ಕರು ಅಂತ ತಿಳಿಯೋಕಾದ್ರೂ ಓದ್ತೀವಿ.

ಆದರೆ ಒಂದು ತಕರಾರು ಇದೆ. ಮುಖ ಮತ್ತು ಬಾಳಿನ ಕತೆಗೆ ಇಷ್ಟು ಜಾಗ ಕೊಟ್ಟ ಪುಟದಲ್ಲಿ ಸಂಗೀತಕ್ಕೆ ಜಾಗ ಎಲ್ಲಿ? ಬಾಲ್ಯ, ಅಪ್ಪ-ಅಮ್ಮ, ಮೊದಲ ಗಿಟಾರು ಎಲ್ಲ ಬರುತ್ತೆ. ಆ ಗಿಟಾರಿನ ನಾದ ಹೇಗಿದೆ ಅಂತ ಪುಟ ನೋಡಿ ತಿಳಿಯಲ್ಲ. 1982ರಲ್ಲಿ ಆರಂಭವಾದ 'ರೆಕಾರ್ಡ್ ಕಲೆಕ್ಟರ್ಸ್' ಇದರ ತದ್ವಿರುದ್ಧ: ಅಂಚೆಚೀಟಿಯಷ್ಟು ಚಿಕ್ಕ ಹೊದಿಕೆ ಚಿತ್ರಗಳು, ಪಕ್ಕದಲ್ಲಿ ಒತ್ತೊತ್ತಾಗಿ ಮಾಹಿತಿ. ಒಳ್ಳೆ ಡೇಟಾಬೇಸನ್ನು ಕಾಗದದ ಮೇಲೆ ಹರಡಿದ ಹಾಗೆ. ಗಿಜಿಗಿಜಿ ಅನ್ನಿ, ಒಪ್ಪಿಕೊಳ್ತೀನಿ. ಆದರೂ ಅಲ್ಲಿಂದ ನೇರ ಒಂದು ಹಾಡಿಗೆ ಹೋಗಬಹುದು.

ಇದನ್ನೆಲ್ಲ ಕನ್ನಡಕ್ಕೆ ಹಾಗೇ ಎತ್ತಿ ತರೋಕಾಗಲ್ಲ. ಜಪಾನಿನಲ್ಲಿ ಕಷ್ಟದ ಹೆಸರಿನ ಪಕ್ಕ ಉಚ್ಚಾರಣೆ ತಿಳಿಸುವ ಪುಟ್ಟ ಅಕ್ಷರಗಳನ್ನು ಹಾಕ್ತಾರೆ, ಫುರಿಗಾನಾ ಅಂತ. ನಮಗೆ ಅದು ಬೇಡ, ಬರೆದದ್ದನ್ನೇ ಓದ್ತೀವಲ್ಲ. ಹೊರನಾಡಿನಲ್ಲಿ ಕನ್ನಡ ಕಲಿಯುತ್ತಿರೋ ಮಕ್ಕಳು ಎಡವೋದು ಬೇರೆ ಕಡೆ: ಒತ್ತಕ್ಷರಗಳಲ್ಲಿ, ಬಿಡಿಸಲಾಗದ ಉದ್ದ ಪದಗಳಲ್ಲಿ. ಸಾಲುಗಳನ್ನು ಒತ್ತಾಗಿ ಜೋಡಿಸಿದರೆ ಮೇಲಿನ ಸಾಲಿನ ಒತ್ತು ಕೆಳಗಿನ ಸಾಲಿನ ಗುಡಿಸಿಗೆ ತಾಗುತ್ತೆ, ಮಗು ಅಲ್ಲೇ ಪುಟ ಮುಚ್ಚುತ್ತೆ. ಹಾಗಾಗಿ ನಮ್ಮ ಹಾಡುಗಾರರೊಬ್ಬರ ಉದ್ದನೆಯ ಸಂದರ್ಶನ ಅಚ್ಚು ಹಾಕೋದಾದರೆ, ಮುಖದ ಸುತ್ತ ಬಿಡುವ ಜಾಗದಲ್ಲಿ ಸ್ವಲ್ಪವನ್ನು ಸಾಲುಗಳ ನಡುವೆ ಬಿಡಿ. ಅವರು ನಕ್ಕಲ್ಲಿ 'ನಗು' ಅಂತ ಹಾಕಿ. ಯಾವ ಹಾಡಿನ ಮಾತು ನಡೀತಿದೆಯೋ ಆ ಹಾಡಿನ ಹೆಸರು, ವರ್ಷ, ನುಡಿಸಿದವರ ಹೆಸರು ಅದೇ ಪುಟದ ಅಂಚಿನಲ್ಲಿರಲಿ, ಹುಡುಕಿ ಕೇಳೋಕೆ.